ಏಳನೇ ನಂಬರಿನ ರಕ್ತ

ನಮ್ಮ ಲ್ಯಾಬಿನಲ್ಲಿ ಅವರಿಗೆ ಏಣಿಯಕ್ಕ ಎಂದೇ ಹೆಸರು. ಎದುರಿಗೆ ಬರೀ ಅಕ್ಕ. ಇಪ್ಪತ್ತೆರಡು ವರ್ಷ ಒಂದೇ ಸ್ಟೂಲಿನ ಮೇಲೆ ಕುಳಿತು ಜನರ ರಕ್ತದಲ್ಲಿ ಏಣಿ ಹುಡುಕಿದವರು. ಅವರ ಎದುರಿನ ಸ್ಟೂಲು ಹದಿನಾಲ್ಕು ವರ್ಷದಿಂದ ನನ್ನದು. ಡಾಕ್ಟರುಗಳು ಬಂದರು ಹೋದರು, ಸೂಪರ್‌ವೈಸರುಗಳು ಬಂದು ಹಾರಾಡಿ ಹೋದರು. ಕೆಲಸ ಗೊತ್ತಿದ್ದದ್ದು ಅಕ್ಕನಿಗೆ. ಈ ಮಾತು ಕೇಳಿ ಯಾರಾದರೂ ಮುಖ ಊದಿಸಿಕೊಂಡರೆ ನನಗೇನೂ ಇಲ್ಲ.

ಅವರ ಗಂಡ ಬಡಗಿ. ನಾನು ಭಾವ ಎನ್ನುತ್ತಿದ್ದೆ. ಭಾವ ಮಾಡಿಕೊಟ್ಟ ಮರದ ಮಣಿಗಳಿಗೆ ದಾರ ಸುತ್ತಿ ಅಕ್ಕ ಹೊಸಬರಿಗೆ ಪಾಠ ಹೇಳುತ್ತಿದ್ದರು. ಒಂದು ಜೀವಕೋಶದ ಡಿಎನ್‌ಎ ಬಿಡಿಸಿ ಎಳೆದರೆ ಎರಡು ಮೀಟರ್, ಆಳಿಗಿಂತ ಉದ್ದ. ಅಷ್ಟೂ ಕಣ್ಣಿಗೆ ಕಾಣದ ಕೋಶಕೇಂದ್ರದೊಳಗೆ ಹಿಡಿಯಬೇಕು. ಅದಕ್ಕೇ ಆ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಉಂಡೆಗೆ ಎರಡು ಸುತ್ತಿಗಿಂತ ಚೂರು ಕಡಿಮೆ ಸುತ್ತಿಕೊಂಡು, ಸ್ವಲ್ಪ ಮುಂದೆ ಹೋಗಿ ಇನ್ನೊಂದು ಉಂಡೆಗೆ ಸುತ್ತಿಕೊಳ್ಳುತ್ತದೆ. ಎಳೆ ಸುತ್ತಿದ ಒಂದೊಂದು ಉಂಡೆಯೂ ಒಂದು ನ್ಯೂಕ್ಲಿಯೋಸೋಮ್. ಒಂದೇ ಕೋಶದಲ್ಲಿ ಅಂಥವು ಸುಮಾರು ಮೂರು ಕೋಟಿ. ಇದು ಬರೀ ಜಾಗ ಉಳಿಸುವ ಉಪಾಯವಲ್ಲ. ಬಿಗಿಯಾಗಿ ಸುತ್ತಿಟ್ಟದ್ದನ್ನು ಕೋಶ ಓದಲಾರದು, ಸಡಿಲಿಸಿದ್ದನ್ನು ಓದುತ್ತದೆ. ಕಣ್ಣಿಗೂ ಯಕೃತ್ತಿಗೂ ಇರುವ ಬರಹ ಒಂದೇ. ಯಾವ ಭಾಗ ಬಿಚ್ಚಿದೆ, ಯಾವುದು ಮುಚ್ಚಿದೆ ಎಂಬುದರಿಂದ ಕಣ್ಣು ಕಣ್ಣಾಗುತ್ತದೆ.

ಕೋಶ ಸಾಯುವಾಗ ಕಿಣ್ವಗಳು ಈ ಎಳೆಯನ್ನು ಕತ್ತರಿಸುತ್ತವೆ. ಉಂಡೆಗೆ ಸುತ್ತಿದ ಭಾಗಕ್ಕೆ ಅವುಗಳ ಬಾಯಿ ತಾಗುವುದಿಲ್ಲ. ಉಂಡೆಗಳ ನಡುವಿನ ದಾರ ಮಾತ್ರ ಸಿಗುತ್ತದೆ. ಹಾಗಾಗಿ ಉಳಿದು ರಕ್ತಕ್ಕೆ ಬರುವ ತುಂಡುಗಳು ಒಂದು ಉಂಡೆಯ ಅಳತೆಯವು, ಎರಡರವು, ಮೂರರವು. ಅವನ್ನು ಜೆಲ್ ಎಂಬ ಮೆತ್ತನೆಯ ಹಲಗೆಯಲ್ಲಿಟ್ಟು ಕರೆಂಟು ಹರಿಸಿದರೆ ಗಿಡ್ಡವು ಮುಂದೆ ಓಡಿ, ಉದ್ದದ್ದು ಹಿಂದುಳಿದು, ದೀಪದಡಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ಅದೇ ಏಣಿ. ಆರೋಗ್ಯವಂತರಲ್ಲಿ ಈ ತುಂಡುಗಳು ಕಾಣದಷ್ಟು ಕಡಿಮೆ, ಜೆಲ್ಲಿನಲ್ಲಿ ಅವರ ರಕ್ತ ಓಡುವ ಸಾಲು, ಅಂದರೆ ಲೇನ್, ಖಾಲಿ. ಏಣಿ ಎದ್ದು ಕಂಡರೆ ಒಳಗೆಲ್ಲೋ ಕೋಶಗಳು ರಾಶಿ ರಾಶಿ ಸಾಯುತ್ತಿವೆ; ಗೆಡ್ಡೆ ಬೆಳೆಯುತ್ತಿರುವವರಲ್ಲಿ ಹಾಗಾಗುವುದುಂಟು.

ರೋಗಿಗಳ ರಕ್ತದ ಪಕ್ಕದಲ್ಲಿ ಹೋಲಿಸಿ ನೋಡಲು ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ರಕ್ತ ಬೇಕು. ಅದಕ್ಕೆ ನಾವು ನಮ್ಮ ನಮ್ಮ ಮನೆಯವರನ್ನೇ ಹಿಡಿದು ತರುತ್ತಿದ್ದೆವು. ಏಳನೇ ನಂಬರು ಭಾವನದು. ಗುಂಡುಕಲ್ಲಿನಂಥ ಆಳು. ತಿಂಗಳ ಮೊದಲ ಸೋಮವಾರ ಹತ್ತು ಗಂಟೆಗೆ ಬಂದು ತೋಳು ಚಾಚಿ, ನನ್ನ ಲೇನು ನನ್ನ ತಲೆಯ ಹಾಗೆ, ಯಾವಾಗಲೂ ಖಾಲಿ ಎಂದು ನಗಿಸಿ, ಚಹಾ ಕುಡಿದು ಹೋಗುತ್ತಿದ್ದರು. ಎರಡೂವರೆ ವರ್ಷ ಅದು ಖಾಲಿಯೇ ಇತ್ತು.

ಒಂದು ಸೋಮವಾರ ಏಳರಲ್ಲಿ ಏಣಿ ಬಂತು. ಪಕ್ಕದ ಎಂಟನೆಯದು ಒಬ್ಬ ರೋಗಿಯದು. ಅದರಲ್ಲಿ ಏನೂ ಇರಲಿಲ್ಲ. ಟ್ಯೂಬು ಅದಲುಬದಲಾಗಿರಬೇಕು ಎಂದವನು ನಾನೇ. ಅಕ್ಕ ಬಹಳ ಹೊತ್ತು ಜೆಲ್ಲಿನ ಚಿತ್ರ ನೋಡಿ ಹೌದೆಂದು ತಲೆಯಾಡಿಸಿದರು. ನಿಯಮದಂತೆ ರೋಗಿಯ ರಕ್ತ ಮತ್ತೆ ತರಿಸಿ ಓಡಿಸಿದೆವು. ಮತ್ತೂ ಖಾಲಿ, ಅಂದರೆ ಟ್ಯೂಬು ಬದಲಾಗಿರಲಿಲ್ಲ, ಏಣಿ ಏಳನೆಯದರದೇ. ಆಗಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಆದರೆ ಆ ಸಲ ಹೋಲಿಕೆಗೆ ನಮ್ಮ ಲ್ಯಾಬಿನ ಕಾವಲುಗಾರನ ರಕ್ತ ಹಾಕಿದ್ದೆವು, ವರದಿ ಹೋಯಿತು, ಕೆಲಸ ಮುಗಿಯಿತು. ರೋಗಿಗೆ ಹೆಸರಿರುತ್ತದೆ, ಕಾಯುವ ಡಾಕ್ಟರಿರುತ್ತಾರೆ. ಹೋಲಿಕೆಯ ರಕ್ತಕ್ಕೆ ಬರೀ ನಂಬರು. ಅದನ್ನು ಮತ್ತೆ ಪರೀಕ್ಷಿಸಿ ಎಂದು ನಮ್ಮ ಯಾವ ಪುಸ್ತಕದಲ್ಲೂ ಬರೆದಿಲ್ಲ.

ಆ ವಾರವೇ ಭಾವ ದೂರದ ಕಟ್ಟಡವೊಂದರ ಬಾಗಿಲು ಕಿಟಕಿ ಕೆಲಸಕ್ಕೆ ಹೋದರು. ಐದು ತಿಂಗಳಿಗೆ ಮರಳಿದಾಗ ಬೆಲ್ಟಿಗೆ ಎರಡು ಹೊಸ ತೂತು ಬಿದ್ದಿದ್ದವು. ಮೇದೋಜೀರಕ ಗ್ರಂಥಿಯಲ್ಲಿ ಗೆಡ್ಡೆ. ಮೂರು ತಿಂಗಳೂ ಉಳಿಯಲಿಲ್ಲ.

ಆಮೇಲೆ ಮೊದಲ ಸೋಮವಾರ ಬಂತೆಂದರೆ ನಾನು ಗಡಿಯಾರ ನೋಡುತ್ತಿದ್ದೆ. ಹತ್ತಾಗುತ್ತಲೇ ಬಾಗಿಲಾಚೆ ಚಪ್ಪಲಿ ಬಿಟ್ಟ ಸದ್ದು. ಅಕ್ಕನೂ ನಾನೂ ಒಟ್ಟಿಗೇ ತಲೆಯೆತ್ತುತ್ತಿದ್ದೆವು. ಯಾರೂ ಇರುತ್ತಿರಲಿಲ್ಲ. ನಾನು ದೆವ್ವ ಭೂತ ನಂಬುವವನಲ್ಲ, ಆದರೆ ಆ ಸದ್ದು ಕೇಳಿಸಿದ್ದು ನಿಜ.

ಫ್ರೀಜರಿನಲ್ಲಿ ಏಳನೇ ನಂಬರಿನ ಹಳೆಯ ಟ್ಯೂಬುಗಳು ಹಾಗೇ ಇದ್ದವು. ಒಂದು ಮಧ್ಯಾಹ್ನ, ಉಳಿದವರು ಊಟಕ್ಕೆ ಹೋದಾಗ, ಅಕ್ಕ ಎರಡನ್ನು ತೆಗೆದರು. ಒಂದು ಆ ಸೋಮವಾರದ್ದು, ಇನ್ನೊಂದು ಅದರ ಹಿಂದಿನ ತಿಂಗಳದ್ದು. ಹಿಂದಿನದರಲ್ಲಿ ಉಳಿದದ್ದು ತಳದಷ್ಟು, ಒಂದೇ ಸಲಕ್ಕೆ ಸಾಲುವಷ್ಟು. ಅವರಿಗೆ ಬೇಕಾಗಿದ್ದೇನೆಂದು ನನಗೆ ಹೇಳಬೇಕಾಗಿರಲಿಲ್ಲ. ಆಗ ನಮ್ಮ ಕಣ್ಣಿಗೆ ಬೀಳದ ಮಸುಕು ಏಣಿ ಅದರಲ್ಲೂ ಇದ್ದರೆ ರೋಗ ಮೊದಲೇ ಬೇರು ಬಿಟ್ಟಿತ್ತು, ನಾವು ತಳ್ಳಿಹಾಕಿದ ಸೋಮವಾರವೊಂದೇ ಅಪರಾಧಿಯಲ್ಲ ಎಂದುಕೊಳ್ಳಬಹುದಿತ್ತು. ಏಣಿ ಕಾಣಲಿ ಎಂದು ನಾನೂ ಬೇಡಿಕೊಂಡೆ. ಸತ್ತ ಮನುಷ್ಯನ ರಕ್ತದಲ್ಲಿ ರೋಗ ಹಳೆಯದಾಗಿರಲಿ ಎಂದು ಬೇಡಿಕೊಳ್ಳುವಷ್ಟು ಕೆಳಗಿಳಿದಿದ್ದೆ.

ಎರಡು ಗಂಟೆಯ ಮೇಲೆ ದೀಪ ಹಾಕಿದೆವು. ಆ ಸೋಮವಾರದ ಲೇನಿನಲ್ಲಿ ಏಣಿ, ಒಂದೊಂದು ಮೆಟ್ಟಿಲೂ ಸ್ಪಷ್ಟ. ಹಿಂದಿನ ತಿಂಗಳದ್ದು ಖಾಲಿ.

ಆಗಲೇ ಗೊತ್ತಾಗಿದ್ದರೂ ಭಾವ ಉಳಿಯುತ್ತಿದ್ದರೆಂದು ಯಾರೂ ಹೇಳಲಾರರು ಎಂದೆ. ಟ್ಯೂಬಿನ ಮಾತು ನನ್ನದು, ತಪ್ಪು ನನ್ನದು ಎಂದೂ ಹೇಳಿದೆ.

ಅಕ್ಕ ದೀಪ ಆರಿಸಿದರು. "ನೀನು ಒಂದು ಮಾತು ಅಂದೆ ಅಷ್ಟೇ. ನನಗೆ ಅವತ್ತೇ ಅನುಮಾನ ಬಂದಿತ್ತು ಕಣೋ. ಮನೆಗೆ ಹೋಗಿ ಅವರ ಮುಖ ನೋಡ್ದೆ, ನಗ್ತಾ ಊಟ ಮಾಡ್ತಿದ್ರು. ಹೇಳೋಕೆ ಮನಸ್ಸು ಬರ್ಲಿಲ್ಲ. ನೀನಂದಿದ್ದೇ ನಿಜ ಇರ್ಲಿ ಅಂದ್ಕೊಂಡೆ."

ಅದಾದ ಮೇಲೆ ಹೋಲಿಕೆಗೆ ಅಕ್ಕ ಬೇರೆ ಯಾರ ರಕ್ತವನ್ನೂ ತೆಗೆದುಕೊಳ್ಳಲು ಬಿಟ್ಟಿಲ್ಲ. ಮೊದಲ ಸೋಮವಾರ ತಾವೇ ತೋಳು ಚಾಚುತ್ತಾರೆ. ಸೂಜಿ ಚುಚ್ಚುವವನು ನಾನು, ಜೆಲ್ ನೋಡಿ ಹೇಳುವವನೂ ನಾನೇ. ದೀಪ ಹಾಕಿ ಪ್ರತಿ ಸಲವೂ ಅವರ ಲೇನನ್ನೇ ಮೊದಲು ನೋಡುತ್ತೇನೆ. ಖಾಲಿ ಅಕ್ಕ, ಏನೂ ಇಲ್ಲ ಎನ್ನುತ್ತೇನೆ. ಆಗ ಅವರ ಮುಖದಲ್ಲಿ ಒಂದು ಗಳಿಗೆ ಕಾಣುವುದು ಸಮಾಧಾನವಲ್ಲ, ನಿರಾಸೆ.