ಬಸು ಎತ್ತರ ಅಳೆಸಿಕೊಂಡಿದ್ದು

ನಾ ಸಾಲಿ ಮೆಟ್ಟಲಾ ಹತ್ತಿದಾವಲ್ಲ. ಆದ್ರ ಬಸು ಜಿಮ್ನಾಸ್ಟಿಕ್ಸ್‌ನಾಗ ದೇಶದ ತಂಡಕ್ಕ ಹೋಗಿದ್ದು, ಧಾರವಾಡದ ಕಾಲೇಜಿನ್ಯಾಗ ಸಿಪಾಯಿ ಆಗಿದ್ದ ನಾ ಹಾಸಿದ ಗಾದಿ ಮ್ಯಾಲ ಬಿದ್ದು ಬಿದ್ದು! ಅವ ಬಾರ್ ಬಿಟ್ಟು ಹಾರಿದ್ರ, ನಾ ಚಾ ಕುಡದು ಕಪ್ಪು ತೊಳದಿಟ್ಟ ಮ್ಯಾಲ ಕೆಳಗ ಬರತಿದ್ದ.

ತೊಂಬತ್ತರ ದಶಕದ ಕಡೀಕ ಮೊಣಕಾಲು ಕೆಟ್ಟು ತಂಡ ಬಿಟ್ಟ. ಹುಬ್ಬಳ್ಳಿ ಕಮರಿಪೇಟ್ಯಾಗ ಮಾವನ ಕಿರಾಣಿ ಅಂಗಡ್ಯಾಗ ಬೆಲ್ಲ ತೂಗತಿದ್ದ. ಅದ ಊರಾಗ ಒಂದು ಸರಕಾರಿ ಕೋಚ್ ಕೆಲಸ ಖಾಲಿ ಇತ್ತು. ಅದು ತಪ್ಪಿದ್ರ ಜನ್ಮಪೂರ್ತಿ ಬೆಲ್ಲಾನ. ಸಂದರ್ಶನಕ್ಕ ನಾನೂ ಜೋಡಿ ಹೋದೆ. ನಾ ಇಲ್ಲದ ಯಾವ ಕೆಲಸ ಆಗೇತಿ?

ಊಟದ ಹೊತ್ತು ಬಿಟ್ಟು ಎಂದೂ ಓಡಿರದ ಸಾಹೇಬ್ರು, ಪದಕ ನೋಡಲಿಲ್ಲ. ಗ್ವಾಡಿಯ ಅಳತಿಪಟ್ಟಿಗೆ ಬಸೂನ್ನ ನಿಲ್ಲಿಸಿದ್ರು.

"ಐದು ಫೂಟು ಎರಡು ಇಂಚು. ಐದೂವರಿ ಬೇಕು. ಹೋಗ್ರಿ."

"ಸಾಹೇಬ್ರ, ಗಿಡ್ಡ ಅದಾನಂತನ ಗಾಳ್ಯಾಗ ತಿರಗತಾನ್ರಿ. ಉದ್ದ ಇದ್ದಿದ್ರ ಫ್ಯಾನಿಗೆ ಸಿಗತಿದ್ದ," ಅಂದೆ ನಾ.

"ರೂಲ್ ಅಂದ್ರ ರೂಲ್, ಕಾಕಾ."

"ಹಂಗಾರ ಅದನ್ನ ಓದ್ರಿ."

"ಹಿಮ್ಮಡ ಗ್ವಾಡಿಗೆ ಹತ್ತಿರಬೇಕು. ಮೊಣಕಾಲು ಮಡಚಬಾರದು."

"ಬಸು, ತಲಿಕೆಳಗಾಗೋ!"

ಬಸು ಕೈ ನೆಲಕ್ಕ ಊರಿ ಕಾಲು ಮ್ಯಾಲೆತ್ತಿದ. ಹಿಮ್ಮಡ ಗ್ವಾಡಿಗೆ ಹತ್ತಿದುವು, ಮೊಣಕಾಲು ಸೆಟದು ನಿಂತುವು.

"ಕಾಲು ಕೆಳಗ ಇರಬೇಕಂತ ಎಲ್ಲಿ ಬರದೈತ್ರಿ?"

ಸಾಹೇಬ್ರು ಹಾಳಿ ಹಿಂದ ಮುಂದ ತಿರಿವಿದ್ರು. ಎಲ್ಲೂ ಇರಲಿಲ್ಲ. ರೂಲಿಗೆ ಅಂಜೋ ಮನುಷ್ಯಾ ಕುರ್ಚಿ ಹತ್ತಿ ನೋಡಿ, ಆರು ಫೂಟು ಮೂರು ಇಂಚು ಅಂತ ಬರದು ಸಹಿ ಹಾಕಿದ್ರು.

ಕೆಲಸ ಸಿಕ್ತು. ಆಫೀಸಿನವ್ರು ಅದ ಅಳತಿಗೆ ಟ್ರ್ಯಾಕ್‌ಸೂಟು ಹೊಲಿಸಿ ಕೊಟ್ರು. ಪ್ಯಾಂಟು ಉದ್ದಾತಂತ ಕತ್ತರಿಸಿದ ಬಟ್ಟಿಲೆ ಎರಡು ಚೀಲ ಆದುವು. ಒಂದು ನನ್ನ ಕಡೆ ಐತಿ, ಕಾಯಿಪಲ್ಲೆ ತರಾಕ ಭಾಳ ಛಲೋ.