ಒಣಗಿದ ಮೇಲಿನ ಕೆಂಪು

ನಮ್ಮದು ಸೇಲಂನಲ್ಲಿ ನೂಲಿಗೆ ಬಣ್ಣ ಹಾಕುವ ಮನೆ. ಅಣ್ಣನೂ ನಾನೂ ಆ ತೊಟ್ಟಿಗಳ ಪಕ್ಕದಲ್ಲೇ ಬೆಳೆದವರು. ಬಣ್ಣದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಅನ್ನೋ ಜಂಬ ನನಗಿತ್ತು.

ಅಣ್ಣನ ಕೆಂಪು ಕಾರಿನಲ್ಲಿ ಡ್ರೈವಿಂಗ್ ಕಲಿತಾಗ ಅವನು ಹಾಕಿದ್ದು ಒಂದೇ ಷರತ್ತು. "ಊರೊಳಗೆ ಎಲ್ಲಿಗಾದ್ರೂ ಓಗು. ತೊಪ್ಪೂರು ಗಾಟಿ ಕಡೆ ಒಬ್ಳೇ ಓದ್ಯೋ, ಕಾರಿನ ಸಾವಿ ಕಿತ್ಕತೀನಿ."

ಅವನು ಅತ್ತೆ ಮನೆಗೆ ಹೋಗಿದ್ದಾಗಲೇ ಆ ಗಾಟಿಯಾಚೆಯ ಧರ್ಮಪುರಿಗೆ ಸೀರೆ ಕೊಟ್ಟು ಬರುವ ಕೆಲಸ ಬಂತು. ಹೋದೆ. ಗಾಟಿಯನ್ನು ಎರಡು ಸಲವೂ ಚೆನ್ನಾಗಿಯೇ ದಾಟಿದೆ, ಅದನ್ನು ಹೇಳಿಯೇ ಬಿಡುತ್ತೇನೆ. ಎಡವಟ್ಟಾದದ್ದು ಗಾಟಿ ಇಳಿದ ಮೇಲೆ, ಟೀ ಅಂಗಡಿಯ ಮುಂದೆ ರಿವರ್ಸ್ ತೆಗೆಯುವಾಗ. ಕಲ್ಲುಕಂಬವೊಂದು ಎಡಗಡೆಯ ಬಾಗಿಲನ್ನು ಉದ್ದಕ್ಕೂ ಗೀರಿಬಿಟ್ಟಿತು. ಕಾರಿನ ಆಸೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಅಣ್ಣ ಬರುವುದಕ್ಕೆ ಒಂದೇ ದಿನ ಉಳಿದಿತ್ತು. ಬೆಳಿಗ್ಗೆಯೇ ಪೇಂಟರ್ ಹತ್ತಿರ ಓಡಿದೆ. ಬಿಸಿಲಿಗೆ ಮಾಸಿದ ಕಾರಿಗೆ ಹೊಸ ಕೆಂಪು ಹೊಂದುವುದಿಲ್ಲವೆಂದು ಆತ ಹನಿಹನಿಯಾಗಿ ಬೇರೆ ಬಣ್ಣ ಬೆರೆಸಿ, ಒಂದು ತಗಡಿನ ಚೂರಿಗೆ ಹೊಡೆದು ಕಾರಿನ ಪಕ್ಕ ಹಿಡಿದ. ಬಣ್ಣ ತೀರಾ ತಿಳಿಯಾಯಿತು ಎಂದೆ.

"ಕಾಂಜಾ ಸರಿಯಾಯಿಡುಂ ಅಕ್ಕಾ," ಅಂದ. ಒಣಗಿದರೆ ಸರಿಹೋಗುತ್ತದಂತೆ!

ನನಗೆ ರೇಗಿತು. ತೊಟ್ಟಿಯಿಂದ ಎತ್ತಿದ ನೂಲು ಒಣಗುತ್ತಾ ತಿಳಿಯಾಗುತ್ತದೆ. ಅದಕ್ಕೇ ಹಸಿಯಲ್ಲಿ ಒಂದು ಪಟ್ಟು ಗಾಢವಾಗಿ ಎತ್ತುವುದು ನಮ್ಮ ಪದ್ಧತಿ. ಇಷ್ಟೂ ಗೊತ್ತಿಲ್ಲದವನು ಇನ್ನೇನು ಪೇಂಟರ್? ಗಾಢ ಮಾಡು ಎಂದು ಪಟ್ಟು ಹಿಡಿದೆ. ತಗಡು ಒಣಗಲಿ, ನೋಡೋಣ ಅಂದ ಪಾಪ. ನಾನು ಕಾಯಲಿಲ್ಲ.

ಸಂಜೆಗೆ ಬಾಗಿಲು ಒಣಗಿತು, ಒಣಗುತ್ತಾ ಕಪ್ಪಿಟ್ಟಿತು. ಆತ ಬೆಳಗಿನ ತಗಡನ್ನು ತಂದು ಕಾರಿಗೆ ಹಿಡಿದ. ಒಂದಿಷ್ಟೂ ವ್ಯತ್ಯಾಸವಿಲ್ಲ. ನೂಲು ಬೇರೆ, ತಗಡು ಬೇರೆ ಎಂದು ನನಗೆ ಆಗ ಅರ್ಥವಾಯಿತು. ನಾಚಿಕೆಯಿಂದ ಸತ್ತೆ.

ಮರುದಿನ ಅಣ್ಣ ಗೇಟಿನ ಹತ್ತಿರವೇ ನಿಂತ. ನೂಲು ನೋಡುವ ಹಾಗೆ ನೆರಳಿಗೆ ಸರಿದು ಕಣ್ಣು ಕಿರಿದು ಮಾಡಿದ.

"ಅಸೀಲೇ ಒಂದು ಪಟ್ಟು ಏರ್ಸವ್ರೆ. ಪೇಂಟರ್ ಇಂಗ್ ಮಾಡಲ್ಲ. ನೀನೇ ನಿಂತು ಮಾಡಿಸ್ದ್ಯಾ?"

"ಊಂ. ತೊಪ್ಪೂರಿಗೂ ಓಗಿದ್ದೆ," ಎಂದು ಕಾರಿನ ಕೀಲಿಕೈ ಚಾಚಿದೆ. ಅಳು ಬರುವುದರಲ್ಲಿತ್ತು.

ಅವನು ಕೈ ಮುಂದೆ ಮಾಡಲಿಲ್ಲ. ಬಾಗಿಲ ಮೇಲೆ ಬೆರಳಾಡಿಸಿದ.

"ನೀನೇ ಮಡೀಕೋ. ಓಗಿ ಇಂದ್ಗಡೆ ಬಂಪರ್ ನೋಡು. ಅದ್ನ ನಾನೇ ನಿಂತು ಮಾಡಿಸ್ದೆ."

ಕಾರಿನ ಹಿಂದಕ್ಕೆ ಹೋಗಿ ನೋಡಿದೆ. ಬಂಪರ್ ಉಳಿದ ಕಾರಿಗಿಂತ ಸರಿಯಾಗಿ ಒಂದು ಪಟ್ಟು ಗಾಢವಾಗಿತ್ತು. ಎರಡು ವರ್ಷದಿಂದ ನಾನು ದಿನಾ ಒರೆಸುತ್ತಿದ್ದ ಬಂಪರ್ ಅದು.