ಮೆಣಸಿನಕಾಯಿಯ ಊರು

ಇವತ್ತು ಸಾರಿನ ಪುಡಿಗೆಂದು ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತಿದ್ದೆ. ಘಾಟಿಗೆ ಸ್ಮೋಕ್ ಅಲಾರಂ ಕಿರುಚಿಕೊಂಡಿತು. ಮಗಳು ಮಹಡಿಯಿಂದಲೇ "ಮಾಮ್, ಓಪನ್ ದ ವಿಂಡೋ" ಎಂದಳು. ಕಿಟಕಿ ತೆಗೆಯುವುದಿರಲಿ, ಸೌಟು ಹಿಡಿದು ನಿಂತೇಬಿಟ್ಟೆ. ಹಿಲ್ಸ್‌ಬರೋದ ಈ ಅಡುಗೆಮನೆ ಮರೆತು ನಾನು ಬೆಳೆದ ಊರು ಪ್ಯಾಲಿಸೇಡ್ಸ್ ಪಾರ್ಕಿನ ನಮ್ಮ ಹಳೇ ಮನೆಯ ಹಿತ್ತಿಲಲ್ಲಿದ್ದೆ. ಆ ಮನೆ ಈಗಿಲ್ಲ. ಕೆಡವಿ ಕಾಂಡೋ ಕಟ್ಟಿದ್ದಾರೆ.

ಮಹಡಿಯಲ್ಲಿ ಬಾಡಿಗೆಗೆ ನಾವು. ಕೆಳಗೆ ಮನೆಯ ಒಡತಿ, ಕೊರಿಯಾದಾಕೆ. ಮೊದಲ ದಿನ ಎದೆ ಮುಟ್ಟಿಕೊಂಡು "ಅಜುಮ್ಮಾ" ಎಂದರು. ಅವರ ಭಾಷೆಯಲ್ಲಿ ಅದು ಆಂಟಿ ಅಂದ ಹಾಗೆ. ನನಗೆ ಕೇಳಿಸಿದ್ದು ಅಜ್ಜಮ್ಮ. ತಲೆಗೂದಲು ಸರಿಯಾಗಿ ನರೆಯದ ಹೆಂಗಸನ್ನು ಅಂದೇ ಅಜ್ಜಿ ಮಾಡಿಬಿಟ್ಟೆ; ಕೊನೆತನಕ ಅಜ್ಜಮ್ಮನೇ. ಫಾಲ್, ಎಲೆಯುದುರುವ ಕಾಲ, ಬಂತೆಂದರೆ ಹಿತ್ತಿಲ ಬಿಸಿಲಿಗೆ ಬಿಳಿ ಬೆಡ್‌ಶೀಟ್ ಹಾಸಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನಾನು ಸ್ಕೂಲಿನಿಂದ ಬಂದು ಕೂತರೆ, ಬೆರಳಿನಿಂದ ಕಾಯಿ ಸರಿಸುತ್ತ ತಮ್ಮೂರು ಬರೆಯುತ್ತಿದ್ದರು. ಬಟ್ಟೆ ಕಂಡಲ್ಲಿ ನದಿ, ರಾಶಿ ಎದ್ದಲ್ಲಿ ಗುಡ್ಡ. ಐದು ದಿನಕ್ಕೊಮ್ಮೆ ಸಂತೆ ಸೇರುವ ಬಯಲು. ಹಿಂದೆ ಅಲ್ಲಿ ಆಳುತ್ತಿದ್ದ ಜಪಾನಿನವರು ಕಟ್ಟಿಸಿದ ಶಾಲೆ. ಅಲ್ಲಿ ಅವರಪ್ಪನಿಗೆ ಸ್ವಂತ ಹೆಸರು ಬಿಡಿಸಿ ಜಪಾನೀ ಹೆಸರಿಟ್ಟಿದ್ದರಂತೆ. ನದಿಗೆ ಅಡ್ಡ ಇಟ್ಟ ಉದ್ದ ಕಾಯಿ ಸೇತುವೆ. ಆಚೆ ದಡದಲ್ಲಿ ಮನೆ, ಮನೆಯೊಳಗೆ ಒಂದು ಪುಟ್ಟ ಕಾಯಿ. ಅದನ್ನು ಮಾತ್ರ ನಾನು ಮುಟ್ಟುವಂತಿರಲಿಲ್ಲ. "ಮೈ ಸಿಸ್ಟರ್" ಎನ್ನುತ್ತಿದ್ದರು.

ಅವರ ಹರಕು ಇಂಗ್ಲಿಷಿನಲ್ಲಿ ನನಗೆ ತಿಳಿದದ್ದಿಷ್ಟು: ಯುದ್ಧ ಬಂದಾಗ, ಜ್ವರದಲ್ಲಿ ಮಲಗಿದ್ದ ತಂಗಿಯನ್ನು ತಮ್ಮ ಅಜ್ಜಿಯ ಹತ್ತಿರ ಬಿಟ್ಟು, ಮುಂದಿನ ಸಂತೆಯೊಳಗೆ ಬಂದುಬಿಡುತ್ತೇವೆಂದು ಹೇಳಿ ಮನೆಯವರೆಲ್ಲ ಸೇತುವೆ ದಾಟಿದರು. ಆಮೇಲೆ ನಡುವೆ ಗಡಿ ಬಿತ್ತು. ಊರು ಉತ್ತರಕ್ಕೆ ಉಳಿಯಿತು, ಇವರು ದಕ್ಷಿಣಕ್ಕೆ. ಹೇಳುತ್ತ ಕಣ್ಣೊರೆಸಿಕೊಂಡರೆ ಅಮ್ಮ ಮೆಟ್ಟಿಲ ಮೇಲಿನಿಂದ, "ಅಯ್ಯೋ, ಖಾರದ ಕೈ ಕಣ್ಣಿಗಿಟ್ಕೊಂಡ್ರು ನೋಡೇ, ನೀರು ತಂದ್ಕೊಡು" ಎನ್ನುತ್ತಿದ್ದಳು. ನಾನೂ ಪೆದ್ದಿ, ನಂಬಿ ಓಡುತ್ತಿದ್ದೆ. ಸಂಜೆಗೆ ಇಡೀ ಊರನ್ನು ಬುಟ್ಟಿಗೆ ಬಾಚುತ್ತಿದ್ದರು.

ಹೋದ ವರ್ಷ ನರ್ಸಿಂಗ್ ಹೋಮಿಗೆ ಹೋದಾಗ ಅಜ್ಜಮ್ಮ ಇಂಗ್ಲಿಷನ್ನೂ ಮರೆತಿದ್ದರು, ನನ್ನನ್ನೂ. "ಜಿಪ್, ಜಿಪ್" ಎಂದು ಬಾಗಿಲ ಕಡೆಗೇ ನೋಡುತ್ತಿದ್ದರು. ಜಿಪ್ ಅಂದರೆ ಮನೆ. ಅಷ್ಟು ಕೊರಿಯನ್ ನನಗೆ ಬರುತ್ತಿತ್ತು. ಯಾವ ಮನೆಯೋ ತನಗೂ ಗೊತ್ತಾಗುತ್ತಿಲ್ಲವೆಂದು ಅವರ ಮಗ ಕೈಚೆಲ್ಲಿದ. ನನಗೆ ಗೊತ್ತಿತ್ತು. ಮುಂದಿನ ವಾರ ಮೆಣಸಿನಕಾಯಿ ಪೊಟ್ಟಣ ಹಿಡಿದು ಹೋಗಿ, ಊಟದ ಟ್ರೇ ಮೇಲೆ ಟವೆಲ್ ಹಾಸಿ ಊರು ಬರೆದೆ. ನದಿ, ಗುಡ್ಡ, ಸಂತೆ, ಶಾಲೆ, ಸೇತುವೆ. ಮನೆಯೊಳಗೆ ಪುಟ್ಟ ಕಾಯಿ. ಅಜ್ಜಮ್ಮ ಟ್ರೇ ಕಡೆ ಬಾಗಿದರು. ಬೆರಳಿನಿಂದ ಆ ಪುಟ್ಟ ಕಾಯಿಯನ್ನು ಮನೆಯಿಂದ ಹೊರಡಿಸಿ, ಮೆಲ್ಲಗೆ ಸೇತುವೆ ದಾಟಿಸಿ, ಈಚೆ ದಡಕ್ಕೆ ತಂದು ಮುಷ್ಟಿಯಲ್ಲಿ ಮುಚ್ಚಿಕೊಂಡರು. ಇನ್ನೊಂದು ಕೈ ಕಣ್ಣಿಗೆ ಹೋಯಿತು. ಈ ಸಲ ನಾನು ನೀರಿಗೆ ಓಡಲಿಲ್ಲ. ಹೊರಡುವಾಗ ಊರನ್ನು ಪೊಟ್ಟಣಕ್ಕೆ ಬಾಚಿದೆ, ಮುಷ್ಟಿ ಮಾತ್ರ ಬಿಡಿಸಲಿಲ್ಲ. ಚಳಿಗಾಲ ಕಳೆಯುವ ಮುಂಚೆ ಅಜ್ಜಮ್ಮ ಹೋದರು. ಅವರು ಬರೆದ ಆ ಊರಿನ ದಾರಿ ಬಲ್ಲವಳು ಇಲ್ಲಿ ಈಗ ನಾನೊಬ್ಬಳೇ.

ಮಗಳೇ ಇಳಿದು ಬಂದು ಕಿಟಕಿ ತೆಗೆದಳು. ನನ್ನ ಮುಖ ನೋಡಿ, "ಆರ್ ಯೂ ಕ್ರೈಯಿಂಗ್?" ಎಂದಳು.

"ಇಲ್ಲ ಪುಟ್ಟಿ, ಖಾರದ ಕೈ" ಎಂದೆ. ಅವಳು ನೀರು ತರಲು ಓಡಿದಳು.